ಕೆಂಪು ದೀಪ ಮತ್ತು ಹುಕ್ಕೇರಿಯ ನಿಶ್ಚಯ

ಗೋಕಾಕದ ನಮ್ಮ ಓಣಿಗೆ ಮೊದಲ ಹೊಸ ಕಾರು ತಂದವನು ನಾನು. ಮೊಬೈಲು ಇನ್ನೂ ಕೆಲವರ ಕೈಗಷ್ಟೇ ಬಂದಿದ್ದ ಕಾಲ ಅದು. ಕಾರಿನ ವಿಷಯದಲ್ಲಿ ನನಗೆ ತಿಳಿಯದ್ದು ಯಾವುದೂ ಇಲ್ಲ ಎಂದು ನಾನು ದೃಢವಾಗಿ ನಂಬಿದ್ದೆ. ಹದಿನೈದು ದಿನ ಡ್ರೈವಿಂಗ್ ಕಲಿತಿದ್ದೆನಲ್ಲ! ಕಾರಿನ ಜೊತೆ ಕೊಟ್ಟ ದಪ್ಪ ಪುಸ್ತಕವನ್ನು ಪ್ಲಾಸ್ಟಿಕ್ ಚೀಲ ಕೂಡ ಬಿಚ್ಚದೆ ಕಪಾಟಿನೊಳಗೆ ಭದ್ರವಾಗಿ ಇಟ್ಟುಬಿಟ್ಟೆ.

ಮೂರನೇ ದಿನ ಚಾವಿ ತಿರುವಿದಾಗ, ಬ್ಯಾಟರಿಯ ಚಿತ್ರವಿದ್ದ ಪುಟ್ಟ ಕೆಂಪು ದೀಪ ಕಣ್ಣಿಗೆ ಬಿತ್ತು. 

"ಸುನಂದಾ! ಬ್ಯಾಟರಿ ಖಾಲಿ ಆಗೈತಿ!"

ಹೆಂಡತಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. "ಹೊಸಾ ಗಾಡಿ ಐತಿ, ಹೆಂಗ ಖಾಲಿ ಆಗತೈತ್ರಿ? ಪುಸ್ತಕದಾಗ ಏನ್ ಬರದಾರ ನೋಡ್ರಿ."

"ಪುಸ್ತಕ ಓದಾಕ ನಾ ಏನ್ ಪರೀಕ್ಷಾಕ್ಕ ಕುಂತೇನೇನ?"

ಬಾಜೂ ಮನೆಯ ಆದಪ್ಪ ಕಾಕಾ ಗೇಟಿನಲ್ಲಿ ನಿಂತು ಎಲ್ಲವನ್ನೂ ಕೇಳಿದರು. ಅವರದು ಬಟ್ಟೆ ಅಂಗಡಿ. ಜೀವಮಾನದಲ್ಲಿ ಸೈಕಲ್ಲು ಬಿಟ್ಟು ಬೇರೆ ವಾಹನ ಮುಟ್ಟಿದವರಲ್ಲ. ಆದರೂ ತೀರ್ಪು ಕೊಟ್ಟರು: "ಗಾಡಿ ಓಡಸೋ ಮಾರಾಯಾ. ಓಡಿದಷ್ಟೂ ಬ್ಯಾಟರಿ ತುಂಬತೈತಿ." ಕೊಟ್ಟವರೇ ಮುಂದಿನ ಸೀಟಿನಲ್ಲಿ ಹತ್ತಿ ಕುಳಿತರು.

ಗೋಕಾಕ ಫಾಲ್ಸ್‌ತನಕ ಹೋಗಿ ಬಂದೆವು. ದಾರಿಯುದ್ದಕ್ಕೂ ದೀಪ ಆರಿತ್ತು. "ತುಂಬಾಕತ್ತೈತಿ!" ಎಂದು ಕಾಕಾ ತೊಡೆ ತಟ್ಟಿಕೊಂಡರು. ಮನೆ ಮುಂದೆ ಎಂಜಿನ್ ಬಂದ್ ಮಾಡಿ, ಪರೀಕ್ಷೆಗೆಂದು ಮತ್ತೆ ಚಾವಿ ತಿರುವಿದೆ. ದೀಪ!

ಮರುದಿನ ಹಿಡಕಲ್ ಡ್ಯಾಮಿಗೆ ಹೋದೆವು. ಬಂದು ಚಾವಿ ತಿರುವಿದೆ. ದೀಪ! ಹೀಗೆ ಒಂದು ವಾರ ತಿರುಗಿದೆವು. ಡ್ಯಾಮಿನ ಕಾವಲುಗಾರರು ನಮ್ಮಿಬ್ಬರನ್ನೂ ನೀರಾವರಿ ಇಲಾಖೆಯ ಸಾಹೇಬರೆಂದು ತಿಳಿದು ಸಲಾಮು ಹೊಡೆಯತೊಡಗಿದರು.

ಕೊನೆಗೆ ನಾನು ಗಂಭೀರವಾಗಿ ವಿಚಾರ ಮಾಡಿ ಒಂದು ಸಿದ್ಧಾಂತಕ್ಕೆ ಬಂದೆ. ಓಡುವಾಗ ಬ್ಯಾಟರಿ ತುಂಬುತ್ತದೆ, ನಿಂತ ಕೂಡಲೇ ಸೋರಿಹೋಗುತ್ತದೆ. ಆದ್ದರಿಂದ ಎಂಜಿನ್ ಬಂದ್ ಮಾಡಲೇಬಾರದು!

ಈ ಸಿದ್ಧಾಂತವನ್ನು ಜಾರಿಗೆ ತರಲು ಆರಿಸಿಕೊಂಡ ದಿನವೇ ಹೆಂಡತಿಯ ತಮ್ಮ ರಾಜುವಿನ ಮದುವೆ ನಿಶ್ಚಯ. ಹುಡುಗಿ ಪದ್ಮಾ, ಹುಕ್ಕೇರಿಯವಳು. ಕಾರಿನಲ್ಲಿ ಸುನಂದಾ, ರಾಜು, ಅವರಿಬ್ಬರ ತಾಯಿ ನಮ್ಮ ಅತ್ತಿ, ಜೊತೆಗೆ ಹುಡುಗಿಗೆ ಕೊಡಬೇಕಾದ ಸೀರೆ ಮತ್ತು ಉಂಗುರದ ಚೀಲ. ಹೊಟ್ಟೆ ತೊಳಸುತ್ತದೆ ಎಂದು ಅತ್ತಿ ತಮ್ಮ ಕಿಟಕಿಯನ್ನು ನಾಲ್ಕು ಬೆರಳು ತೆರೆದಿಟ್ಟಿದ್ದರು.

ಘಟಪ್ರಭಾದಲ್ಲಿ ಚಹಾಕ್ಕೆ ನಿಂತೆವು. ಎಂಜಿನ್ ಚಾಲೂ. ನಾನು ಸ್ಟೇರಿಂಗ್ ಹಿಡಿದೇ ಚಹಾ ಕುಡಿದೆ. ಹುಕ್ಕೇರಿಯಲ್ಲಿ ಬೀಗರ ಬಾಗಿಲಿಗೆ ಬಂದಾಗಲೂ ಚಾಲೂ. "ಲಗೂ ಇಳೀರಿ, ಲಗೂ ಇಳೀರಿ!" ಎಂದು ಎಲ್ಲರನ್ನೂ ಇಳಿಸಿದೆ. ಆಮೇಲೆ ಹೊಳೆಯಿತು: ಚಾಲೂ ಇದ್ದ ಗಾಡಿಯನ್ನು ಯಾರಾದರೂ ಹೊಡೆದುಕೊಂಡು ಹೋದರೆ? ನಾಲ್ಕೂ ಬಾಗಿಲು ಲಾಕ್ ಮಾಡಿ ಧಪ್ಪನೆ ಮುಚ್ಚಿದೆ.

ಚಾವಿ ಒಳಗಿತ್ತು. ಸೀರೆಯ ಚೀಲವೂ ಒಳಗಿತ್ತು!

ಬೀಗರು ಆರತಿ ಹಿಡಿದು ನಿಂತಿದ್ದರು. ಕಾರು ಗುರ್ ಗುರ್ ಅನ್ನುತ್ತಿತ್ತು. ಪಂಡಿತರು ಗಡಿಯಾರ ನೋಡಿ, "ಮುಹೂರ್ತಕ್ಕ ಬಾಳ ಹೊತ್ತಿಲ್ರಿ" ಅಂದರು. ರಾಜುವಿನ ಮುಖ ಬಿಳಿಚಿಕೊಂಡಿತು. ಹತ್ತಾರು ಜನ ಕಾರಿನ ಸುತ್ತ ನೆರೆದು ಗಾಜಿನೊಳಗೆ ಇಣುಕಿದರು. ಒಬ್ಬ ಹಿರಿಯರು ಕಲ್ಲು ಹುಡುಕಿಕೊಂಡು ಬಂದರು. ನಾನು ಕಾರಿಗೆ ಅಡ್ಡ ನಿಂತೆ.

"ಬಾಜೂ ಸರೀರಿ ಅಣ್ಣಾರ," ಎಂಬ ದನಿ ಕೇಳಿತು. ನೋಡಿದರೆ ಸ್ವತಃ ಮದುಮಗಳು! ಅರ್ಧ ಹೆಣೆದ ಜಡೆ, ಕೈಯಲ್ಲಿ ತುದಿ ಬಗ್ಗಿಸಿದ ತಂತಿ. ಅತ್ತಿಯ ಕಿಟಕಿಯ ಸಂದಿನಲ್ಲಿ ತಂತಿ ಇಳಿಬಿಟ್ಟು ಲಾಕನ್ನು ಎತ್ತಿಯೇಬಿಟ್ಟಳು. ಒಳಗೆ ಕುಳಿತು ಚಾವಿಗೆ ಕೈ ಹಾಕಿದಳು.

"ಬಂದ್ ಮಾಡಬ್ಯಾಡವಾ! ಬ್ಯಾಟರಿ ಸೋರತೈತಿ!" ಎಂದು ಚೀರಿದೆ.

ಪದ್ಮಾ ಬಂದ್ ಮಾಡಿದಳು. ತಿರುವಿದಳು, ದೀಪ ಹತ್ತಿತು. ಚಾಲೂ ಮಾಡಿದಳು, ದೀಪ ಆರಿತು. "ನಮ್ಮ ಟ್ರ್ಯಾಕ್ಟರಿಗೂ ಹಿಂಗ ಹತ್ತತೈತ್ರಿ ಅಣ್ಣಾರ. ಚಾವಿ ತಿರುವಿದಾಗ ಹತ್ತಿ, ಚಾಲೂ ಆದಮ್ಯಾಗ ಆರಿದ್ರ ಬ್ಯಾಟರಿ ಚಲೋ ಐತಿ ಅಂತನ ಅರ್ಥ. ಏನೂ ಆಗಿಲ್ರಿ."

ನೆರೆದವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಸುನಂದಾ. ನಿಶ್ಚಯ ಮುಹೂರ್ತಕ್ಕೇ ಮುಗಿಯಿತು. ರಾಜು ಮಾತ್ರ ಹುಡುಗಿಯನ್ನು ಭಯಭಕ್ತಿಯಿಂದ ನೋಡುತ್ತಿದ್ದ.

ಸಂಜೆ ವಾಪಸು ಹೊರಟಾಗ ನಾನು ಜ್ಞಾನಿಯಾಗಿದ್ದೆ. ಅರ್ಧ ದಾರಿಯಲ್ಲಿ ಸುನಂದಾ ಬಗ್ಗಿ ನೋಡಿ, "ಏನ್ರಿ, ಇನ್ನೊಂದು ದೀಪ ಹತ್ತೈತಿ. ಹಳದೀದು," ಅಂದಳು.

"ದೀಪ ಹತ್ತೂದ ಚಲೋ ಗಾಡಿ ಲಕ್ಷಣ," ಎಂದು ನಕ್ಕೆ. "ಪದ್ಮಾ ಹೇಳಿದ್ದ ಕೇಳಿಲ್ಲೇನ?"

ಘಟಪ್ರಭಾ ಇನ್ನೂ ಒಂದು ಮೈಲು ಇರುವಾಗ ಕಾರು ಎರಡು ಸಲ ಕೆಮ್ಮಿ ನಿಂತಿತು. ಆ ದೀಪ ಪೆಟ್ರೋಲಿನದಂತೆ! ಬೆಳಿಗ್ಗೆಯೆಲ್ಲ ಎಂಜಿನ್ ಚಾಲೂ ಇಟ್ಟವನು ನಾನೇ ತಾನೇ?

ಸೂರ್ಯ ಕಬ್ಬಿನ ಗದ್ದೆಯ ಅಂಚಿಗೆ ಇಳಿದಿದ್ದ. ನಾವು ಜೈನರು, ಅತ್ತಿಯಂತೂ ಹೊತ್ತು ಮುಳುಗಿದ ಮೇಲೆ ಹನಿ ನೀರೂ ಮುಟ್ಟುವವರಲ್ಲ. ಮನೆಗೆ ಹೋಗಿ ಉಣ್ಣುವ ಮಾತು ಮುಗಿದಂತೆಯೇ. ಅತ್ತಿ ಒಮ್ಮೆ ಪಶ್ಚಿಮದತ್ತ ನೋಡಿದರು. ಬೀಗರು ಕಟ್ಟಿಕೊಟ್ಟ ಹೋಳಿಗೆ ಡಬ್ಬಿ ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡರು.

"ಅಳಿಯಂದ್ರ, ನೀವು ತಳ್ಳೋತ ಇರ್ರಿ. ನಾ ಉಣ್ಣೋತ ಇರತೇನಿ."

ಕಿಟಕಿಯಿಂದ ಸ್ಟೇರಿಂಗ್ ಹಿಡಿದು ನಾನು, ಹಿಂದಿನಿಂದ ರಾಜು ಮತ್ತು ರೇಷ್ಮೆ ಸೀರೆಯ ಸುನಂದಾ, ಮೂವರೂ ಸೇರಿ ಪೆಟ್ರೋಲ್ ಪಂಪಿನ ತನಕ ತಳ್ಳಿದೆವು. ಹೊತ್ತು ಮುಳುಗುವುದರೊಳಗೇ ಅತ್ತಿ ನಾಲ್ಕು ಹೋಳಿಗೆ ಮುಗಿಸಿ, ನೀರು ಕುಡಿದು, ಸಣ್ಣದಾಗಿ ತೇಗಿದರು.

ಒಂದು ವಾರದ ನನ್ನ ಅಖಂಡ ಪರಿಶ್ರಮದಿಂದ ಆ ಕಾರಿನಲ್ಲಿ ಪೂರ್ತಿ ಚಾರ್ಜ್ ಆದವರು ಅವರೊಬ್ಬರೇ!