ಮುರುಗೇಶಪ್ಪನ ಗುರುತು

ಮುರುಗೇಶಪ್ಪ ಎಂಟು ದಿನದ ಹಿಂದೆ ಹೊಸ ಮೊಬೈಲು ಕೊಂಡಿದ್ದೇ ಎಲ್ಲದಕ್ಕೂ ಮೂಲವಾಯಿತು.

ಜವನಗೊಂಡನಹಳ್ಳಿಯ ದಾಳಿಂಬೆ ಪ್ಯಾಕ್‌ಹೌಸಿನಲ್ಲಿ ಅವನು ಹದಿನಾಲ್ಕು ವರ್ಷದಿಂದ ಗುಮಾಸ್ತ. ಅವನ ಕಂಪ್ಯೂಟರಿನಿಂದ ಗೇಟ್ ಪಾಸ್ ಬಂದರೆ ಮಾತ್ರ ಲಾರಿ ಹೊರಗೆ ಹೋಗಬಹುದು. ಆ ಸೋಮವಾರದಿಂದ ಚಿತ್ರದುರ್ಗದ ಮುಖ್ಯ ಕಚೇರಿಯವರು ಹೊಸ ನಿಯಮ ತಂದಿದ್ದರು. ಹೆಸರು ಝೀರೋ ಟ್ರಸ್ಟ್. ಕಚೇರಿಯೊಳಗೇ ಕುಳಿತವನಿರಲಿ, ಎಷ್ಟು ವರ್ಷದ ಹಳಬನಿರಲಿ, ಕಂಪ್ಯೂಟರು ಯಾರನ್ನೂ ಸುಮ್ಮನೆ ನಂಬುವುದಿಲ್ಲ. ಒಳಗೆ ಹೋಗಲು ನೋಡಿದಾಗಲೆಲ್ಲ, ಮೊದಲೇ ನೋಂದಾಯಿಸಿದ ಮೊಬೈಲಿಗೆ ‘ಇದು ನೀವೇನಾ?’ ಎಂಬ ಪ್ರಶ್ನೆ ಹೋಗುತ್ತದೆ. ಆ ಮೊಬೈಲಿಗೆ ಮುಖ ತೋರಿಸಿ ‘ಹೌದು’ ಒತ್ತಿದರೆ ಬಾಗಿಲು ತೆರೆಯುತ್ತದೆ.

ಮುರುಗೇಶಪ್ಪ ಬೆಳಿಗ್ಗೆ ಒಂಬತ್ತಕ್ಕೆ ಪಾಸ್‌ವರ್ಡ್ ಒತ್ತಿ, ಹೊಸ ಮೊಬೈಲನ್ನು ಮುಖದ ಮುಂದೆ ಹಿಡಿದು, ಫೋಟೊಗೆ ನಿಂತ ಮದುವಣಿಗನ ಹಾಗೆ ಕಾದ. ಪ್ರಶ್ನೆ ಬರಲಿಲ್ಲ. ಪರದೆಯ ಮೇಲೆ ‘ನಿರಾಕರಿಸಲಾಗಿದೆ’ ಎಂದು ಬಂತು. ಮತ್ತೆ ಒತ್ತಿದ. ಮತ್ತೆ ಅದೇ. ಹನ್ನೊಂದನೇ ಸಲಕ್ಕೆ ಕಂಪ್ಯೂಟರು ಬೀಗ ಹಾಕಿಕೊಂಡು ಕುಳಿತುಬಿಟ್ಟಿತು.

ಹೊರಗೆ ಚಾಲಕ ಫಾಜಿಲನ ಲಾರಿ ಏಳು ರೈತರ ಹಣ್ಣು ತುಂಬಿಕೊಂಡು ನಿಂತಿತ್ತು. ಮಧ್ಯಾಹ್ನ ಎರಡರೊಳಗೆ ಹೊರಡದಿದ್ದರೆ ಚೆನ್ನೈಯಲ್ಲಿ ಹಡಗು ತಪ್ಪುತ್ತದೆ. ಅವನು ಹತ್ತು ನಿಮಿಷಕ್ಕೊಮ್ಮೆ ಬಂದು ಕಿಟಕಿಯಲ್ಲಿ ಇಣುಕಿ, ಗಡಿಯಾರ ನೋಡಿ ಹೋಗುತ್ತಿದ್ದ. ಕಂಪ್ಯೂಟರಿಗೆ ದೃಷ್ಟಿಯಾಗಿದೆ ಎಂದು ಕಾವಲುಗಾರ ಮಾರಪ್ಪ ಊದುಬತ್ತಿ ಹಚ್ಚಿಟ್ಟ. ಅದರ ಹೊಗೆಗೆ ಮುರುಗೇಶಪ್ಪನ ಕಣ್ಣಲ್ಲಿ ನೀರು ಬಂತೇ ಹೊರತು ಪಾಸ್ ಬರಲಿಲ್ಲ.

ಕೊನೆಗೆ ಮುಖ್ಯ ಕಚೇರಿಯ ದೀಪಾ ಮೇಡಂಗೆ ಫೋನ್ ಮಾಡಿದ. ನೋಂದಾಯಿಸಿರುವುದು ಹಳೆಯ ಮೊಬೈಲನ್ನು, ಬೀಗ ತೆಗೆಯಲು ಅದರ ಒಪ್ಪಿಗೆಯೇ ಬೇಕು ಎಂದರು ಅವರು. ಹಾಗಾದರೆ ಹೊಸದನ್ನು ನೋಂದಾಯಿಸಿಬಿಡಿ ಎಂದ ಇವನು. ಅದಕ್ಕೂ ಹಳೆಯದೇ ‘ಹೌದು’ ಎನ್ನಬೇಕಂತೆ.

ಹಳೆಯ ಮೊಬೈಲನ್ನು ಅವನು ಹೆಂಡತಿಗೆ ಕೊಟ್ಟಿದ್ದ. ಹೆಂಡತಿ ನೇತ್ರಾವತಿ ಅದೇ ಪ್ಯಾಕ್‌ಹೌಸಿನಲ್ಲಿ ಹಣ್ಣು ಆರಿಸುವವಳು. ಓಡಿಹೋಗಿ ಕೇಳಿದರೆ ಅವಳು ಹಣ್ಣಿನಿಂದ ಕಣ್ಣು ತೆಗೆಯದೆ ಹೇಳಿದಳು:

“ದಿನಾ ಹೊದ್ಕಂಡು ಮಲಗ್ತೀರಲ್ಲ, ಅದೇ ಆ ಫೋನು.”

ಮುರುಗೇಶಪ್ಪನಿಗೆ ಅರ್ಥವಾಗಲು ಅರ್ಧ ನಿಮಿಷ ಬೇಕಾಯಿತು. ಹರಿಯಬ್ಬೆಯ ಕುರಿಗಾರ ಗೊಲ್ಲಪ್ಪ ಕಂಬಳಿ ಮಾರಲು ಬಂದಾಗ ಅವಳು ಮೊಬೈಲು ಕೊಟ್ಟು ಕಂಬಳಿ ತೆಗೆದುಕೊಂಡಿದ್ದಳು. ಎಂಟು ದಿನದಿಂದ ಅವನು ಆ ಕಂಬಳಿಯನ್ನು ಬಾಯಿತುಂಬ ಹೊಗಳಿದ್ದ. ಈಗ ಬೈಯುವ ಹಾಗೂ ಇರಲಿಲ್ಲ.

ಬೈಕು ಹತ್ತಿ ಹರಿಯಬ್ಬೆಗೆ ಹೋದರೆ ಗೊಲ್ಲಪ್ಪ ಮನೆಯಲ್ಲಿಲ್ಲ, ಶೇಂಗಾ ಕಿತ್ತ ಹೊಲಗಳ ಕಡೆ ಇದ್ದಾನೆ ಎಂದರು. ಮುರುಗೇಶಪ್ಪ ಹೊಲಕ್ಕೆ ಕಾಲಿಟ್ಟು ಗೊಲ್ಲಪ್ಪನನ್ನು ಕೂಗುವಷ್ಟರಲ್ಲಿ ಹಿಂದಿನಿಂದ ಟಗರೊಂದು ಬಂದು ಗುದ್ದಿತು. ಅವನು ನೇರವಾಗಿ ಜಾಲಿ ಪೊದೆಯೊಳಗೆ ಹೋಗಿ ಕುಳಿತ. ಗೊಲ್ಲಪ್ಪನೇ ಬಂದು ಎಬ್ಬಿಸಿ, ಮುಳ್ಳು ಕಿತ್ತು, ನೀರು ಕೊಟ್ಟ. ಫೋನಿನ ಮಾತೆತ್ತಿದ ಕೂಡಲೇ ಸೊಂಟದ ಚೀಲದಿಂದ ಅದನ್ನು ತೆಗೆದು ತನ್ನ ಕಷ್ಟ ಹೇಳಿಕೊಂಡ.

“ಯಾವನೋ ಮುರುಗೇಶಪ್ಪ ಅಂತೆ ಸ್ವಾಮಿ. ಬೆಳಿಗ್ಗೆಯಿಂದ ಎಲ್ಲಿಗೋ ಒಳಗೆ ನುಗ್ಗಾಕೆ ನೋಡ್ತಾವ್ನೆ. ಅದು ನೀವೇನಾ ಅಂತ ಈ ಫೋನು ನನ್ನ ಕೇಳ್ತೈತೆ. ನಾನು ಗೊಲ್ಲಪ್ಪ. ಅಲ್ಲ ಅಂತ ಒತ್ತಿದೆ. ಹನ್ನೊಂದು ಸಲ.”

“ಆ ಮುರುಗೇಶಪ್ಪ ನಾನೇ ಕಣಪ್ಪ.”

ಗೊಲ್ಲಪ್ಪ ಅವನ ಹರಿದ ಅಂಗಿಯನ್ನೂ ಗೀರಿದ ಮುಖವನ್ನೂ ಮೇಲಿಂದ ಕೆಳಗೆ ನೋಡಿದ. “ಹಂಗಂತ ನೀವು ಹೇಳ್ತೀರಿ,” ಎಂದ.

ಫೋನನ್ನು ಕಸಿದುಕೊಂಡರೂ ಪ್ರಯೋಜನವಿರಲಿಲ್ಲ. ಗೊಲ್ಲಪ್ಪನ ಮಗಳು ಅದರಲ್ಲಿ ಅಪ್ಪನ ಮುಖ ಕೂರಿಸಿಕೊಟ್ಟಿದ್ದಳು. ಬೇರೆ ಮುಖಕ್ಕೆ ಅದು ತೆರೆಯುತ್ತಿರಲಿಲ್ಲ. ಮುರುಗೇಶಪ್ಪ ದೀಪಾ ಮೇಡಂಗೆ ವಿಡಿಯೊ ಕರೆ ಮಾಡಿದ. ಅವರು ಅವನನ್ನು ನೋಡಿ ಮೊದಲು ಗಾಬರಿಯಾದರು, ಆಮೇಲೆ ನೌಕರಿ ಸಂಖ್ಯೆ ಕೇಳಿದರು, ಆಮೇಲೆ ಇವನೇ ಅವನು ಎಂದು ಗೊಲ್ಲಪ್ಪನಿಗೆ ಸಾಕ್ಷಿ ನುಡಿದರು. ಗೊಲ್ಲಪ್ಪ ಮುಂಡಾಸು ಸರಿಮಾಡಿಕೊಂಡು ಫೋನಿಗೆ ಮುಖ ತೋರಿಸಿ ‘ಹೌದು’ ಒತ್ತಿದ. ಬೀಗ ತೆರೆಯಿತು. ಇನ್ನು ಅಡ್ಡಿ ಇಲ್ಲದ್ದರಿಂದ, ಹೊಲದಲ್ಲಿದ್ದ ಅವನ ಪರವಾಗಿ ಆ ದಿನದ ಪಾಸನ್ನು ಮೇಡಂ ತಾವೇ ಕಳಿಸಿದರು. ಎರಡಕ್ಕೆ ಕಾಲು ಗಂಟೆ ಇರುವಾಗ ಫಾಜಿಲನ ಲಾರಿ ಗೇಟು ದಾಟಿತೆಂದು ಸುದ್ದಿ ಬಂತು.

ದೀಪಾ ಮೇಡಂ ಫೋನಿಡಲಿಲ್ಲ. ಮೊನ್ನೆ ಪರೀಕ್ಷೆಗೆಂದು ಎಲ್ಲ ಶಾಖೆಗಳ ಮೊಬೈಲುಗಳಿಗೂ ಸುಳ್ಳು ಪ್ರಶ್ನೆ ಕಳಿಸಿದ್ದರಂತೆ. ಎಲ್ಲರೂ ಓದದೆಯೇ ‘ಹೌದು’ ಒತ್ತಿದ್ದರು. ‘ಅಲ್ಲ’ ಎಂದಿದ್ದು ಇದೊಂದೇ ಮೊಬೈಲು. ನೋಂದಣಿ ಎದುರಿಗಿದ್ದೇ ಆಗಬೇಕು, ಗುರುವಾರ ತಾವು ಬಂದು ಹೊಸ ಮೊಬೈಲನ್ನು ನೋಂದಾಯಿಸುವವರೆಗೆ ಈ ಕೆಲಸ ಗೊಲ್ಲಪ್ಪನವರ ಕೈಯಲ್ಲೇ ಇರಲಿ ಎಂದರು. ಯಾರೇ ಹೇಳಿದರೂ ಸುಮ್ಮನೆ ಒತ್ತಬೇಡಿ, ಅವರಿಗಷ್ಟೇ ಗೊತ್ತಿರುವ ಏನಾದರೂ ಕೇಳಿ ನೋಡಿ ಎಂದು ಹೇಳಿಕೊಟ್ಟರು. ಗೊಲ್ಲಪ್ಪ ಗಂಭೀರವಾಗಿ ತಲೆಯಾಡಿಸಿದ.

ಆಮೇಲೆ ಅವನು ಮುರುಗೇಶಪ್ಪನನ್ನು ಮನೆಗೆ ಕರೆದೊಯ್ದು ಊಟಕ್ಕೆ ಕೂರಿಸಿದ. ಬಿಸಿ ಮುದ್ದೆ, ಅವರೆಕಾಳು ಸಾರು. ಹಡಗು ತಪ್ಪಲಿಲ್ಲ, ರೈತರ ಹಣ್ಣು ಉಳಿಯಿತು, ಬೈಯುವವರು ಯಾರೂ ಇಲ್ಲ. ಇಷ್ಟು ನೆಮ್ಮದಿಯಾಗಿ ಉಂಡು ಎಷ್ಟು ದಿನವಾಯಿತು ಎನಿಸಿತು ಅವನಿಗೆ. ದಾರಿಯುದ್ದಕ್ಕೂ ಸಿಳ್ಳೆ ಹಾಕುತ್ತಾ ಬಂದ.

ಸಂಜೆ ಐದೂವರೆಗೆ ನಾಳೆಯ ಲಾರಿಯ ವಿವರ ತುಂಬಲು ಪಾಸ್‌ವರ್ಡ್ ಒತ್ತಿದ. ಕೆಲಸ ಮುಗಿಸಿದ ನೇತ್ರಾವತಿ ಮನೆಗೆ ಹೊರಡಲು ಬ್ಯಾಗು ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಅಷ್ಟರಲ್ಲಿ ಹೊಸ ಮೊಬೈಲು ಹೊಡೆದುಕೊಂಡಿತು. ಅದರ ಸ್ಪೀಕರು ಆರಿಸುವುದು ಅವನಿಗಿನ್ನೂ ಗೊತ್ತಿರಲಿಲ್ಲ.

“ಮುರುಗೇಶಪ್ಪ ಒಳಗೆ ಬರ್ತಾವ್ರಂತೆ. ನೀವೇನಾ?” ಗೊಲ್ಲಪ್ಪನ ದನಿ ಕೋಣೆ ತುಂಬಿತು.

“ನಾನೇ ಗೊಲ್ಲಪ್ಪ. ಒತ್ತಪ್ಪ.”

“ಮೇಡಂ ಏನಾರ ಕೇಳಿ ನೋಡು ಅಂದವ್ರೆ. ಮಧ್ಯಾಹ್ನ ನಮ್ಮನೇಲಿ ಎಷ್ಟು ಮುದ್ದೆ ಉಂಡ್ರಿ?”

ಮುರುಗೇಶಪ್ಪನಿಗೆ ಸಕ್ಕರೆ ಕಾಯಿಲೆ. ಹೊತ್ತಿಗೊಂದೇ ಮುದ್ದೆ ಎಂದು ಡಾಕ್ಟರು ಹೇಳಿದ್ದರು. ಅದನ್ನು ಎಣಿಸಿ ಬಡಿಸುವವಳು ಈಗ ಅವನನ್ನೇ ನೋಡುತ್ತಿದ್ದಳು.

“ಒಂದು,” ಎಂದ.

ಆ ಕಡೆ ಗೊಲ್ಲಪ್ಪ ಅರಚುತ್ತಿದ್ದ ಕುರಿಗಳನ್ನು ಗದರಿಸಿದ.

“ಹಂಗಾದ್ರೆ ನೀವಲ್ಲ ಬಿಡ್ರಿ,” ಎಂದ ಗೊಲ್ಲಪ್ಪ. “ಬಂದಿದ್ದೋರು ಮೂರು ಉಂಡ್ರು.”

ಪರದೆಯ ಮೇಲೆ ‘ನಿರಾಕರಿಸಲಾಗಿದೆ’ ಎಂದು ಬಂತು. ನೇತ್ರಾವತಿ ಬ್ಯಾಗನ್ನು ಮೇಜಿನ ಮೇಲಿಟ್ಟು, ಕುರ್ಚಿ ಎಳೆದುಕೊಂಡು ಗಂಡನ ಎದುರಿಗೆ ಕುಳಿತಳು.