ಗುಳ್ಳದ ಗಿಡಕ್ಕೆ ನಾನು ಕೊಟ್ಟ ಸುಖ

ಯಾರಾದರೂ ಚೆನ್ನಾಗಿದ್ದೇನೆ ಎಂದರೆ ನನಗೆ ನಂಬಿಕೆ ಬರುವುದಿಲ್ಲ. ಕೆದಕಿ ವಿಚಾರಿಸಿಯೇ ಆಗಬೇಕು. ಅಲೆವೂರಿನ ನಮ್ಮ ಮನೆಯಲ್ಲಿ ಗಂಡ ಸೀನಿದರೂ ವಿಚಾರಣೆ, ಸೀನದಿದ್ದರೂ ವಿಚಾರಣೆ. ಇಂಥವಳು ನಲವತ್ತು ದಾಟಿದ ಮೇಲೆ ಪಿಎಚ್‌ಡಿ ಮಾಡಲು ಮಣಿಪಾಲಕ್ಕೆ ಹೊರಟದ್ದು, ಅದೂ ಗಿಡಗಳಿಗೆ ಕಷ್ಟ ಕೊಟ್ಟು ನೋಡುವ ವಿಷಯದಲ್ಲಿ, ದೇವರ ತಮಾಷೆಯೇ ಇರಬೇಕು.

ಕೆಲಸ ಸರಳ. ಮಟ್ಟು ಗುಳ್ಳ ಎಂಬ ನಮ್ಮ ಕಡೆಯ ಬದನೆಯ ಗಿಡಗಳಲ್ಲಿ ಅರ್ಧಕ್ಕೆ ಉಪ್ಪುನೀರು, ಉಳಿದರ್ಧಕ್ಕೆ ಸಿಹಿನೀರು. ಕಷ್ಟ ಬಂತೆಂದು ಗಿಡ ಓಡಿಹೋಗುವಂತಿಲ್ಲ. ನಿಂತಲ್ಲೇ ತನ್ನ ಕೆಲವು ಜೀನುಗಳನ್ನು ಎಬ್ಬಿಸುತ್ತದೆ, ಕೆಲವನ್ನು ಮಲಗಿಸುತ್ತದೆ. ಸಿಹಿನೀರಿನವುಗಳಲ್ಲಿ ಎಲ್ಲ ಶಾಂತವಾಗಿದ್ದರೆ ಮಾತ್ರ ಹೋಲಿಸಿ ನೋಡಿ ಉಪ್ಪಿನ ಪ್ರಭಾವ ತಿಳಿಯಬಹುದು. ಉಪ್ಪಿನ ಗಿಡಗಳ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ. ಅವುಗಳ ಪಾಲಿನ ಅಕ್ಕರೆಯನ್ನೂ ಸೇರಿಸಿ ಸಿಹಿನೀರಿನವುಗಳಿಗೆ ಸುರಿದೆ. ದಿನಾ ಎಲೆ ಸವರಿದೆ, ಧೂಳು ಒರೆಸಿದೆ, ಕಾಂಡ ನೇವರಿಸಿದೆ.

ಫಲಿತಾಂಶ ಬಂದ ದಿನ ನನ್ನ ಗೈಡ್ ಬಹಳ ಹೊತ್ತು ಕಂಪ್ಯೂಟರ್ ಪರದೆ ನೋಡಿದರು. ಸುಖವಾಗಿರಬೇಕಾದ ಗಿಡಗಳಲ್ಲೂ ಒತ್ತಡದ ಜೀನುಗಳು ಎದ್ದು ಕೂತಿದ್ದವು. ನೀವು ಇವನ್ನು ಮುಟ್ಟುತ್ತೀರಾ ಎಂದು ಕೇಳಿದರು. ಪ್ರೀತಿಯಿಂದ ಎಂದೆ. ಮುಟ್ಟಿದ್ದು ಹುಳವೋ ಪ್ರೀತಿಯೋ ಗಿಡಕ್ಕೆ ತಿಳಿಯುವುದಿಲ್ಲ, ಪದೇ ಪದೇ ಮುಟ್ಟಿದರೆ ಅದು ಗಾಬರಿಯಿಂದ ರಕ್ಷಣೆಗೆ ನಿಲ್ಲುತ್ತದೆ ಎಂದು ತಾಳ್ಮೆಯಿಂದ ವಿವರಿಸಿದರು. ಇಡೀ ಪ್ರಯೋಗ ನೀರುಪಾಲು. ಇನ್ನೊಮ್ಮೆ ಕೆಟ್ಟರೆ ನನ್ನ ಅವಧಿ ಮುಗಿದು ಪಿಎಚ್‌ಡಿ ಕನಸೂ ಮುಗಿಯುತ್ತಿತ್ತು. ನನಗೆ ಅಳುವೇ ಬಂತು.

ಮನೆಗೆ ಬಂದು, ಊಟಕ್ಕೆ ಕೂತ ಗಂಡನ ಬೆನ್ನು ಸವರುತ್ತಾ ಎಲ್ಲವನ್ನೂ ಹೇಳಿದೆ. ಅವರು ಗಂಜಿ ಮುಗಿಸಿ ಬಟ್ಟಲು ಬದಿಗಿಟ್ಟರು.

"ಇಷ್ಟು ತಿಳಿಯಲಿಕ್ಕೆ ಮಣಿಪಾಲಕ್ಕೆ ಯಾಕೆ ಹೋದದ್ದು ಮಾರಾಯ್ತಿ? ನನ್ನ ಹತ್ತಿರ ಕೇಳಬಹುದಿತ್ತಲ್ಲ," ಎಂದರು.

ಕೈ ತೆಗೆದೆ. ಮರುದಿನವೇ ಹೊಸ ಬೀಜ ಹಾಕಿ, ಕೈ ಹಿಂದೆ ಕಟ್ಟಿ ದೂರ ನಿಂತೆ. ಮನೆಯಲ್ಲೂ ಅದೇ ವ್ರತ, ಮುಟ್ಟಲಿಲ್ಲ, ವಿಚಾರಿಸಲಿಲ್ಲ. ಗಿಡಗಳು ಶಾಂತವಾಗಿ ಬೆಳೆದವು, ಈ ಸಲದ ಫಲಿತಾಂಶವನ್ನು ಗೈಡ್ ಒಪ್ಪಿದರು. ಗಂಡ ಮಾತ್ರ ಶಾಂತರಾಗಲಿಲ್ಲ. ಅಡುಗೆಮನೆಗೆ ಬಂದು ಬಂದು ಇಣುಕಿದರು. ಕೊನೆಗೊಂದು ದಿನ ನನ್ನ ಹಣೆ ಮುಟ್ಟಿ, "ಎಂತ, ಹುಷಾರಿಲ್ವಾ?" ಎಂದರು. ಚೆನ್ನಾಗಿದ್ದೇನೆ ಎಂದರೆ ನಂಬಲಿಲ್ಲ. ಇಷ್ಟು ವರ್ಷ ನಾನು ಅವರಿಗೆ ಒತ್ತಾಯದಿಂದ ಕುಡಿಸಿದ ಶುಂಠಿ ಕಷಾಯವನ್ನು ಅದೇ ಹದದಲ್ಲಿ ಕಾಯಿಸಿ ತಂದು, ಮುಗಿಯುವ ತನಕ ಎದುರಲ್ಲೇ ನಿಂತರು. ಅದನ್ನು ನಾನು ಕುಡಿದದ್ದು ಅದೇ ಮೊದಲು.