ಮಸ್ಕತ್ತಿನಲ್ಲಿ ನಾನು ಗೈಡ್ ಅಲ್ಲ

ಪ್ರವಾಸ ಹೋದರೆ ಕೆಲವರಿಗೆ ಹೊಟ್ಟೆ ಕೆಡುತ್ತದೆ. ನನಗೆ ತಲೆ ಕೆಡುತ್ತದೆ. ಹಾಗೆ ನೋಡಿದರೆ ಮನೆಯಲ್ಲಿದ್ದರೂ ಕೆಡುತ್ತದೆ. ನೆದರ್ಲೆಂಡ್ಸಿನ ಟಿಲ್‌ಬರ್ಗ್‌ಗೆ ಬಂದು ಮೂವತ್ತು ವರ್ಷವಾಯಿತು, ಇವತ್ತಿಗೂ ಅಂಗಡಿಯಲ್ಲಿ ಬೇಳೆ ನೋಡುತ್ತ ನಿಂತರೆ ಯಾರಾದರೂ ಬಂದು “ಮೊಟ್ಟೆ ಯಾವ ಕಡೆ ಇವೆ?” ಎಂದು ಕೇಳುತ್ತಾರೆ. ನಾನು ಎಲ್ಲಿ ನಿಂತರೂ ಅಲ್ಲಿ ಕೆಲಸಕ್ಕಿದ್ದೇನೆ ಎಂದು ಜನ ತೀರ್ಮಾನಿಸಿಬಿಡುತ್ತಾರೆ.

ಆದ್ದರಿಂದ, ನಮ್ಮ ಯಜಮಾನರು ನಿವೃತ್ತರಾದ ಮೇಲೆ ಹತ್ತು ಮಂದಿ ಡಚ್ಚರ ತಂಡದ ಜೊತೆ ಐದು ದಿನ ಮಸ್ಕತ್ತಿಗೆ ಹೊರಟಾಗ ಸ್ಪಷ್ಟವಾಗಿ ಹೇಳಿದ್ದೆ: “ಈ ಐದು ದಿನ ನಾನು ಪ್ರವಾಸಿ. ಯಾರಿಗೂ ದಾರಿ ತೋರಿಸುವುದಿಲ್ಲ. ಯಾರ ಕೆಲಸವನ್ನೂ ಮಾಡುವುದಿಲ್ಲ.”

“ಆತು ಬಿಡ,” ಎಂದರು ಇವರು. ದನಿಯಲ್ಲಿ ನಂಬಿಕೆ ಇರಲಿಲ್ಲ.

ಸೂಟಿ

ಮಸ್ಕತ್ ವಿಮಾನ ನಿಲ್ದಾಣದ ಸಾಲಿನಲ್ಲಿ ನಮ್ಮ ತಂಡದ ಹಿರಿಯರೊಬ್ಬರ ಊರುಗೋಲು ಕೆಳಗೆ ಬಿತ್ತು. ಎತ್ತಿಕೊಟ್ಟೆ. ಅಷ್ಟೇ ಸಾಕಾಯಿತು. ಸಾಲು ನೋಡಿಕೊಳ್ಳುವವನೊಬ್ಬ ಬಂದು ಹಿಂದಿಯಲ್ಲಿ ಕೇಳಿದ, “ಅಮ್ಮಾ, ಇವರ ಮನೆಯಲ್ಲೇ ಕೆಲಸವಾ? ಕೆಲಸದವರ ಸಾಲು ಆ ಕಡೆ.”

ನಾನು ಡಚ್ ಪಾಸ್‌ಪೋರ್ಟನ್ನು ಅವನ ಮೂಗಿನ ಹತ್ತಿರ ಹಿಡಿದೆ. ಧಾರವಾಡದ ಕಾನ್ವೆಂಟಿನಲ್ಲಿ ಸಿಸ್ಟರುಗಳು ಫೂಟ್‌ಪಟ್ಟಿ ಹಿಡಿದು ಕಲಿಸಿದ ಇಂಗ್ಲಿಷಿನಲ್ಲಿ ಹೇಳಿದೆ: “ನಾನು ಕೆಲಸ ಮಾಡುವುದು ನನ್ನ ಸ್ವಂತ ಮನೆಯಲ್ಲಿ.”

ಅವನಿಗೆ ಇಂಗ್ಲಿಷ್ ತಿಳಿಯಲಿಲ್ಲ. ಹಿಂದೆ ನಿಂತಿದ್ದ ಇವರು ತಮ್ಮ ಹುಬ್ಬಳ್ಳಿ ಹಿಂದಿಯಲ್ಲಿ ಬಿಡಿಸಿ ಹೇಳಿದರು: “ನಮ್ಮ ಮನೆಯವಳೇ. ಮೂವತ್ತೈದು ವರ್ಷದ ಮೇಲೆ ಈಗ ಸೂಟಿ ಕೊಟ್ಟಿದ್ದೇನೆ.”

ಹೋಟೆಲ್ ಮುಟ್ಟುವವರೆಗೂ ನಾನು ಇವರೊಂದಿಗೆ ಒಂದು ಮಾತೂ ಆಡಲಿಲ್ಲ. ಅದನ್ನು ಇವರು ತಮಗೆ ಸಿಕ್ಕ ಸೂಟಿ ಎಂದು ತಿಳಿದರು.

ಎರಡು ಟವೆಲ್

ಮರುದಿನ ಹೋಟೆಲಿನ ಈಜುಕೊಳದ ಪಕ್ಕ, ಗಂಜಿ ಹಾಕಿದ ಬಿಳಿ ಸೀರೆ ಉಟ್ಟು ಓದುತ್ತ ಕುಳಿತಿದ್ದೆ. ನೀರಿನಿಂದ ಮೇಲೆ ಬಂದ ಹೆಂಗಸೊಬ್ಬಳು, “ಎರಡು ಟವೆಲ್, ಬೇಗ,” ಎಂದಳು.

ಯಾರೋ ಅಪರಿಚಿತಳಾಗಿದ್ದರೆ ಕ್ಷಮಿಸುತ್ತಿದ್ದೆ. ಇವಳು ನಮ್ಮ ತಂಡದವಳೇ. ವಿಮಾನದಲ್ಲಿ ಏಳು ಗಂಟೆ ನನ್ನ ಪಕ್ಕದಲ್ಲೇ ಕುಳಿತಿದ್ದಳು. ನನ್ನ ಭುಜದ ಮೇಲೆ ನಿದ್ದೆ ಕೂಡ ಮಾಡಿದ್ದಳು.

ಆದರೂ ಎದ್ದು ಹೋಗಿ ಎರಡು ಟವೆಲ್ ತಂದುಕೊಟ್ಟೆ. ನೀರು ಸೋರುತ್ತ ನಿಂತವರಿಗೆ ಪಾಠ ಹೇಳಬಾರದು. ಅವಳು ಒರೆಸಿಕೊಂಡ ಮೇಲೆ ಡಚ್ಚಿನಲ್ಲೇ ಹೇಳಿದೆ: ಡಚ್ ಭಾಷೆಯಲ್ಲಿ ‘ದಯವಿಟ್ಟು’ ಎಂಬ ಪದ ಇದೆ, ಅದು ವಾಕ್ಯದಲ್ಲಿ ಎಲ್ಲೆಲ್ಲಿ ಬರುತ್ತದೆ, ಮೂರು ಉದಾಹರಣೆಗಳು.

“ನಿಮ್ಮ ಡಚ್ ಎಷ್ಟು ಚೆನ್ನಾಗಿದೆ! ಈ ಹೋಟೆಲಿನವರೇ ಕಲಿಸಿದರಾ?” ಎಂದಳು.

ಅಂದಿನಿಂದ ಅವಳು ನಮ್ಮಲ್ಲಿ ಟವೆಲ್ ಬಾಯಿ.

ಅರ್ಧ ಐದು

ಎರಡನೆಯ ಸಂಜೆ ನಮ್ಮ ಗೈಡ್, ಆ ಊರಿನವರೇ, ಇಂಗ್ಲಿಷಿನಲ್ಲಿ ಸಾರಿದರು: “ನಾಳೆ ಸಂಜೆ ಬಸ್ಸು ಹಾಫ್ ಫೈವ್‌ಗೆ.”

ಶುದ್ಧ ಇಂಗ್ಲಿಷಿನಲ್ಲಿ ಹಾಫ್ ಫೈವ್ ಎಂದರೆ ಐದೂವರೆ. ಆದರೆ ಡಚ್ಚರ ಲೆಕ್ಕವೇ ಬೇರೆ. ಅವರ ಭಾಷೆಯಲ್ಲಿ ‘ಅರ್ಧ ಐದು’ ಎಂದರೆ ಐದಕ್ಕೆ ಅರ್ಧ ಗಂಟೆ ಕಡಿಮೆ, ಅಂದರೆ ನಾಲ್ಕೂವರೆ. ಹತ್ತು ಮಂದಿಯೂ ನಾಲ್ಕೂವರೆಗೆ ಬಂದು, ಮಸ್ಕತ್ತಿನ ಬಿಸಿಲಿನಲ್ಲಿ ಒಂದು ಗಂಟೆ ಬೆಂದು, ಬೇಯಿಸಿದ ಸಿಗಡಿಯಂತಾಗಿದ್ದರು. ನಾವಿಬ್ಬರು ಸರಿಯಾಗಿ ಐದೂವರೆಗೆ ಇಳಿದು ಬಂದೆವು. ನಾನು ಗಡಿಯಾರ ನೋಡಿಕೊಂಡೇ ಕೊನೆಯ ಮೆಟ್ಟಿಲು ಇಳಿದೆ.

ಬೈಗುಳ ಯಾರಿಗೆ ಬೀಳಬೇಕು? ಗೈಡಿಗೆ? ಇಲ್ಲ. “ನಿಮಗೆ ಎರಡೂ ಭಾಷೆ ಗೊತ್ತು! ಯಾಕೆ ಹೇಳಲಿಲ್ಲ?” ಎಂದು ಟವೆಲ್ ಬಾಯಿ ನನ್ನ ಮೇಲೆ ಕೂಗಾಡಿದಳು.

“ನಾನು ಪ್ರವಾಸಿ! ಗೈಡ್ ಅಲ್ಲ!” ಎಂದೆ.

ಬಸ್ಸಿನಲ್ಲಿ ಇವರು ಮೆಲ್ಲಗೆ ಕೇಳಿದರು, “ಖರೇ ಹೇಳ, ಅವರು ತಪ್ಪು ತಿಳ್ಕೊಂಡದ್ದು ನಿನಗ ನಿನ್ನೇನೇ ಗೊತ್ತಿತ್ತೋ ಇಲ್ಲೋ?”

ಗೊತ್ತಿತ್ತು. ಟವೆಲ್ ಒಣಗಲು ಸ್ವಲ್ಪ ಬಿಸಿಲು ಬೇಕಾಗುತ್ತದೆ.

ಕೊನೆಯ ದಿನ

ಐದನೆಯ ದಿನ ಗೈಡಿನ ಗಂಟಲು ಕಟ್ಟಿತು. ಪಿಸುಗುಟ್ಟುವುದಕ್ಕೂ ಆಗುತ್ತಿರಲಿಲ್ಲ. ನೋಡಬೇಕಾದದ್ದು ಹಳೆಯ ಬಂದರು.

ಬಸ್ಸಿನ ಡ್ರೈವರು ಭಟ್ಕಳದವರು, ಎದೆಯವರೆಗೆ ಬಿಳಿ ಗಡ್ಡ. ಮೊದಲ ದಿನವೇ ನನ್ನನ್ನು ನೋಡಿ “ಇಳಕಲ್ ಸೀರೆಯಾ ಅಮ್ಮಾ?” ಎಂದು ಸರಿಯಾದ ಪ್ರಶ್ನೆ ಕೇಳಿದ ಏಕೈಕ ಮನುಷ್ಯ. ಅವರೀಗ ಹೇಳಿದರು, “ಈ ಬಂದರಿನ ಕಲ್ಲು ಕಲ್ಲೂ ನನಗೆ ಗೊತ್ತುಂಟು. ನಾನು ಕನ್ನಡದಲ್ಲಿ ಹೇಳ್ತೇನೆ, ನೀವು ಅವರಿಗೆ ಹೇಳ್ತೀರಾ?”

“ಸಾಧ್ಯವಿಲ್ಲ,” ಎಂದೆ.

“ಹೇಳ ಅಂತೀನಿ,” ಎಂದರು ಇವರು. “ನಿನಗಲ್ಲ, ಈ ಡ್ರೈವರಿಗೆ ಬಾಯಿ ಬೇಕಾಗೇದ.”

ಎದ್ದು ನಿಂತೆ. ಮೈಕು ಹಿಡಿದ ಮೇಲೆ ಅರೆಬರೆ ಮಾಡುವುದು ನನಗೆ ಬಾರದು. ಚಿಪ್ಸ್ ತಿನ್ನುತ್ತಿದ್ದವರಿಂದ ಪೊಟ್ಟಣ ಇಸಿದುಕೊಂಡೆ. ಬಂದರಿನ ಸುತ್ತಲ ಬಂಡೆಗಳ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಹಡಗುಗಳ ಹೆಸರುಗಳನ್ನು ತೋರಿಸಿ ಡ್ರೈವರು ಹೇಳಿದರು, “ಬಂದ ಹಡಗಿನವರೆಲ್ಲ ಹೆಸರು ಬರೆದು ಹೋದರು. ನಾನು ಮೂವತ್ತು ವರ್ಷ ಇದ್ದೇನೆ. ನನ್ನ ಹೆಸರು ಎಲ್ಲಿಯೂ ಇಲ್ಲ.” ಅದನ್ನೂ ಡಚ್ಚಿಗೆ ತಂದೆ. ಆ ಒಂದು ವಾಕ್ಯಕ್ಕೆ ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಸಂಜೆ ಬಸ್ಸಿನಲ್ಲೇ ಗೈಡ್ ಅಭಿಪ್ರಾಯದ ಫಾರ್ಮು ಹಂಚಿದರು. ಟವೆಲ್ ಬಾಯಿ ತನ್ನದನ್ನು ಹೆಮ್ಮೆಯಿಂದ ತೋರಿಸಿದಳು. ‘ಗೈಡಿನ ಹೆಸರು’ ಎಂಬಲ್ಲಿ ನನ್ನ ಹೆಸರು! ಅದರಲ್ಲೂ ಎರಡು ಕಾಗುಣಿತದ ತಪ್ಪು. ಉಳಿದವರದನ್ನು ನೋಡಿದೆ. ಎಲ್ಲರದೂ ಅದೇ.

ಐದು ದಿನದ ಸಿಟ್ಟು ಒಟ್ಟಿಗೆ ನೆತ್ತಿಗೇರಿತು. “ನಾನು ಗೈಡ್ ಅಲ್ಲ! ಇಷ್ಟು ಹೊತ್ತು ನೀವು ಕೇಳಿದ್ದೆಲ್ಲ ಈ ಮನುಷ್ಯ ಹೇಳಿದ್ದು. ನನ್ನ ಹೆಸರು ಹೊಡೆದುಹಾಕಿ. ಪೆನ್ನು ತೆಗೆದುಕೊಳ್ಳಿ. ಬರೆದುಕೊಳ್ಳಿ.” ಡ್ರೈವರ ಪೂರ್ತಿ ಹೆಸರನ್ನು ಅಕ್ಷರ ಅಕ್ಷರವಾಗಿ ಹೇಳಿ ಹತ್ತು ಮಂದಿಯ ಕೈಯಲ್ಲೂ ಬರೆಸಿದೆ. ಸಾಲು ಸಾಲಾಗಿ ನಡೆದು ತಪಾಸಣೆಯನ್ನೂ ಮಾಡಿದೆ.

ಡ್ರೈವರು ಸ್ಟೀರಿಂಗಿನ ಮೇಲೆ ಕೈಯಿಟ್ಟು ಕುಳಿತಿದ್ದರು. ಕಣ್ಣು ಒದ್ದೆಯಾಗಿತ್ತು. “ಏನು ಬರೆದಿದ್ದಾರೆ, ಒಂದನ್ನು ಓದಿ ಹೇಳ್ತೀರಾ ಸಾರ್?” ಎಂದು ಇವರನ್ನು ಕೇಳಿದರು.

ಇವರು ಟವೆಲ್ ಬಾಯಿಯ ಫಾರ್ಮನ್ನು ಕನ್ನಡ ಮಾಡಿ ಓದಿದರು: “ಬಹಳ ತಿಳಿದವರು. ಬಹಳ ಶಿಸ್ತು. ಸೀರೆಗಳು ಸುಂದರವಾಗಿದ್ದವು. ಮೂರನೆಯ ದಿನ ಒಂದು ಗಂಟೆ ತಡವಾಗಿ ಬಂದರು. ಒಮ್ಮೆಯೂ ನಗಲಿಲ್ಲ.” ಓದಿ ಲಕೋಟೆಗೆ ಹಾಕಿದರು. ಗೈಡ್ ಅಂಟಿಸಿಬಿಟ್ಟರು.

ಡ್ರೈವರು ಗಡ್ಡ ನೀವಿಕೊಂಡು ಯೋಚಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

“ತಡ ಮಾಡಿದ್ದು ಇರಲಿ ಅಮ್ಮಾ. ನಾನು ಸೀರೆ ಉಟ್ಟದ್ದು ಯಾವಾಗ?”

ನಾನು ನಕ್ಕೆ. ಸೀಟಿನ ಕಂಬಿ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆ.

“ನಕ್ಕರು! ನಕ್ಕರು! ಫಾರ್ಮು ವಾಪಸ್ ಕೊಡಿ!” ಎಂದು ಟವೆಲ್ ಬಾಯಿ ಎದ್ದು ಓಡಿಬಂದಳು. ನಂತರ ನಿಂತು, ನನ್ನ ಮುಖ ನೋಡಿ, ಸೇರಿಸಿದಳು: “ದಯವಿಟ್ಟು.”